ಬಾಟ್ಲಿ ಕೊಟ್ರಿ, ಹಿಡಿಕೆ ಎಲ್ಲಿ?

ಅಕ್ಕನ ಕೈ ಹೆಂಗೈತೆ ಅಂತ ನೀವೆಲ್ಲ ಫೋನ್ ಮಾಡಿ ಕೇಳ್ತಾನೇ ಇದೀರ. ಊತ ಇಳಿದೈತೆ, ಆದ್ರೆ ಮಣಿಕಟ್ಟು ತಿರುಗಿಸಿದ್ರೆ ಈಗ್ಲೂ ‘ಅಮ್ಮಾ’ ಅಂತಾರೆ. ಏನಾಯ್ತು ಅಂತ ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೀತೀನಿ. ಇದು ನಮ್ಮೊಬ್ರ ಮನೆ ವಿಷಯ ಅಲ್ಲ.

ನಾದಿನಿ ಮಗಳ ಸೀಮಂತ ಹೆಬ್ಬಗೋಡಿ ಮನೇಲೇ ಇಟ್ಕೊಂಡಿದ್ವಲ್ಲ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಂಗಡಿ ಹುಡುಗ ಎರಡು ಕೇಸ್ ನೀರು ತಂದು ಕೆಳಗೆ ಮೆಟ್ಲ ಹತ್ರ ಇಳಿಸಿ ಹೋದ. ಗಂಡಸರು ಹೂವು, ಊಟ ಅಂತ ಹೊರಗೆ ಹೋಗಿದ್ರು. ನಮ್ಮ ಓರಗಿತ್ತಿ, ಅದೇ ಅಕ್ಕ, ‘ಬಂದೋರಿಗೆ ಕುಡಿಯಕ್ಕೆ ನೀರಿಲ್ಲ’ ಅಂತ ಒಂದು ಕೇಸ್ ಎತ್ಕೊಂಡ್ರು.

ಕೇಸ್ ಅಂದ್ರೆ ಒಂದು ಲೀಟರಿನ ಹನ್ನೆರಡು ಬಾಟ್ಲಿ. ನೀರೇ 12 ಕೆಜಿ. ಮೇಲೆ ಬಿಗಿಯಾಗಿ ಸುತ್ತಿದ ತೆಳು ಪ್ಲಾಸ್ಟಿಕ್, ಹಿಡಿಯೋಕೆ ಏನೂ ಇಲ್ಲ. ನಾವೆಲ್ಲ ಮಾಡೋ ಹಂಗೆ ಅಕ್ಕನೂ ಬಾಟ್ಲಿ ಕತ್ತಿನ ಸಂದೀಲಿ ಪ್ಲಾಸ್ಟಿಕ್ ತೂತು ಮಾಡಿ ಬೆರಳು ತೂರಿಸಿದ್ರು. ಎರಡನೇ ಮಹಡಿ ತಿರುವಲ್ಲಿ ಅದು ಪರ್ರಂತ ಹರೀತು. ಬಾಟ್ಲಿ ಉರುಳಿದ್ವು. ಹಿಡ್ಕೊಳ್ಳಕ್ಕೆ ಹೋಗಿ ಅಕ್ಕನ ಬಲಗೈ ಗೋಡೆಗೂ ಕಂಬಿಗೂ ಮಧ್ಯೆ ತಿರುಚ್ಕೊಂತು.

ಅಕ್ಕ ಬೊಮ್ಮಸಂದ್ರದ ಗಾರ್ಮೆಂಟ್ಸಲ್ಲಿ ಟೈಲರ್. ಬಲಗೈ ಇಲ್ಲ ಅಂದ್ರೆ ಮಿಷನ್ ಇಲ್ಲ, ಮಿಷನ್ ಇಲ್ಲ ಅಂದ್ರೆ ಸಂಬಳ ಇಲ್ಲ. ಹನ್ನೊಂದು ದಿನದ ದುಡ್ಡು ಹೋಯ್ತು. ಆ ತಿಂಗಳ ಚೀಟಿ ನಾನು ಕಟ್ಟಿದೆ. ಅದನ್ನ ತಗೊಳ್ಳೋವಾಗ ಅಕ್ಕನ ಮುಖ ನೋಡಬೇಕಿತ್ತು.

ನೋಡಕ್ಕೆ ಬಂದೋರೆಲ್ಲ ಒಂದೇ ಮಾತು: ‘ಯಾಕಮ್ಮ ಹೊತ್ತೆ?’ ‘ಹೊರೋ ಸಾಮಾನಿಗೆ ಹಿಡಿಕೆ ಯಾಕಿಲ್ಲ?’ ಅಂತ ಒಬ್ರೂ ಕೇಳಲಿಲ್ಲ. ನಾನು ಕೇಳ್ತಾ ಇರೋದು ಅದನ್ನೇ.

ನಮ್ಮಜ್ಜಿ ಕಾಲದಲ್ಲಿ ಪಾತ್ರೆ ಮಾಡೋನಿಗೆ ಹೊರೋಳ ಮೈ ಗೊತ್ತಿತ್ತು. ಬಿಂದಿಗೆ ಕತ್ತು ಕಿರಿದು, ಕೈ ಸುತ್ತಿ ಹಿಡಿಯಕ್ಕೆ ಬರುತ್ತೆ. ಹೊಟ್ಟೆ ದುಂಡು, ಸೊಂಟದ ಮೇಲೆ ಕೂರುತ್ತೆ. ತಲೆ ಮೇಲೆ ಹೊತ್ರೆ ಸಿಂಬೆ ಇತ್ತು. ಊಟದ ಡಬ್ಬಿಗೆ ನಾವು ಕ್ಯಾರಿಯರ್ ಅಂತಾನೇ ಹೆಸರಿಟ್ಟಿದೀವಿ. ನಾಕು ಡಬ್ಬಿ, ಒಂದು ಹಿಡಿಕೆ, ಸಾರು ತುಳುಕಲ್ಲ. ಇನ್ನು ಪೀಣ್ಯದ ಕಡೆ ಟೀ ಹುಡುಗರನ್ನ ನೋಡಿ. ತಂತಿ ಸ್ಟ್ಯಾಂಡಲ್ಲಿ ಒಂದೊಂದು ಲೋಟಕ್ಕೂ ಒಂದೊಂದು ಗೂಡು, ಮಧ್ಯೆ ಮೇಲಕ್ಕೆ ಹಿಡಿ. ಬಿಸಿ ಟೀ ಒಂದೇ ಕೈಯಲ್ಲಿ ಹಿಡ್ದು ಶೆಡ್ಡಿಂದ ಶೆಡ್ಡಿಗೆ ಓಡ್ತಾರೆ. ಟೀಗೆ ಸಿಕ್ಕಿದ ಮರ್ಯಾದೆ ನೀರಿನ ಬಾಟ್ಲಿಗೆ ಯಾಕಿಲ್ಲ?

ದೊಡ್ಡ ಕಂಪನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಅಮೆರಿಕಾದಲ್ಲಿ ಕೋಕಾ-ಕೋಲಾದೋರು 1923ರಲ್ಲೇ ಆರು ಬಾಟ್ಲಿ ಹಿಡಿಯೋ ರಟ್ಟಿನ ಕ್ಯಾರಿಯರ್ ತಂದಿದ್ರು, ಜನ ಒಟ್ಟಿಗೆ ಕೊಂಡು ಸಲೀಸಾಗಿ ಮನೆಗೆ ಒಯ್ಯಲಿ ಅಂತ. ನೂರು ವರ್ಷ ದಾಟ್ತು. ಆಮೇಲೆ ಅಲ್ಲಿ ಡಬ್ಬಿಗಳನ್ನ ಪ್ಲಾಸ್ಟಿಕ್ ಬಳೆಗಳಲ್ಲಿ ಪೋಣಿಸಿ ಮಾರಿದ್ರು, ಆ ಬಳೆ ಹಕ್ಕಿ, ಆಮೆಗಳ ಕತ್ತಿಗೆ ಸಿಕ್ಕಾಕ್ಕೊಂಡು ಬೈಸ್ಕೊಂಡ್ರು. ಅಂಥದ್ದು ನಮಗೆ ಬೇಡ.

ಕೆಲವು ಕಟ್ಟಿನ ಮೇಲೆ ಟೇಪಿನ ಹಿಡಿಕೆ ಅಂಟಿಸಿರ್ತಾರೆ. ಭಾರ ಬಿದ್ದ ತಕ್ಷಣ ಅದು ದಾರದ ಥರ ಸುರುಳಿ ಆಗಿ ಬೆರಳು ಕೊಯ್ಯುತ್ತೆ. ಅದೇ ತೂಕ ಅಗಲದ ಪಟ್ಟಿ ಮೇಲೆ ಬಿದ್ರೆ ಅಂಗೈಗೆಲ್ಲ ಹಂಚಿ ಹೋಗುತ್ತೆ. ರಟ್ಟೂ ಹಂಗೇ. ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರಿ, ತಳ ನೆಂದು, ಅರ್ಧ ದಾರೀಲಿ ಬಿಟ್ಕೊಳ್ಳುತ್ತೆ. ನೀರು ತಡೆಯೋ ರಟ್ಟು ಹಾಕದೆ ಹಿಡಿಕೆ ಒಂದನ್ನೇ ಕೊಟ್ರೆ ಪ್ರಯೋಜನ ಇಲ್ಲ.

ನನ್ನ ಕೇಳಿದ್ರೆ ಹೇಳ್ತೀನಿ, ಮೂರೇ ಮಾತು. ಹನ್ನೆರಡರ ಕಟ್ಟು ಬೇಡ, ಆರಾರು ಮಾಡಿ. 6 ಕೆಜಿ ಒಂದು ಕೈಗೆ, ಇನ್ನೊಂದು ಕೈ ಮೆಟ್ಲ ಕಂಬಿಗೆ. ಹಿಡಿಕೆ ನಾಕು ಬೆರಳೂ ಆರಾಮಾಗಿ ಹೋಗೋವಷ್ಟು ಅಗಲ, ಲಟ್ಟಣಿಗೆ ಹಿಡಿಯಷ್ಟು ದಪ್ಪ ಇರ್ಲಿ, ಬಳೆ ಉಂಗುರ ಹಾಕಿರೋ ಕೈಗೂ ಸಾಲಬೇಕು. ಭಾರ ತಳದಿಂದ ಎತ್ತಬೇಕು, ಮೇಲಿನ ಪ್ಲಾಸ್ಟಿಕ್ಕಿಂದ ಅಲ್ಲ.

‘ಪ್ಲಾಸ್ಟಿಕ್ ಜಾಸ್ತಿ ಆಗುತ್ತೆ, ರೇಟು ಏರುತ್ತೆ’ ಅಂತ ನಮ್ಮನೆಯವ್ರೇ ವಾದ ಮಾಡಿದ್ರು. ಒಪ್ಪೋ ಮಾತೇ. ಅದ್ಕೇ ನಾನು ಬಿಸಾಕೋ ಹಿಡಿಕೆ ಕೇಳ್ತಾ ಇಲ್ಲ. 20 ಲೀಟರ್ ಕ್ಯಾನಿಗೆ ಅಡ್ವಾನ್ಸ್ ಕೊಟ್ಟು, ಖಾಲಿ ಕ್ಯಾನ್ ವಾಪಸ್ ಕೊಡ್ತೀವಲ್ಲ? ಗಾಜಿನ ಸೋಡಾ ಬಾಟ್ಲಿನೂ ಹಂಗೇ ವಾಪಸ್ ಹೋಗ್ತಿತ್ತಲ್ಲ? ಅಂಗಡೀಲಿ ಗೂಡಿರೋ ಗಟ್ಟಿ ಸ್ಟ್ಯಾಂಡ್ ಇಡ್ಲಿ, ಅಡ್ವಾನ್ಸ್ ಇಟ್ಕೊಂಡು ಕೊಡ್ಲಿ, ವಾಪಸ್ ತಂದ್ರೆ ದುಡ್ಡು ತಿರುಗಿ ಕೊಡ್ಲಿ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆದಾಗ ‘ಹೆಂಗಪ್ಪಾ’ ಅಂದ್ವಿ. ಬಟ್ಟೆ ಚೀಲ ಈಗ ಬಾಗಿಲ ಹಿಂದೆ ನೇತಾಡ್ತಾ ಇಲ್ವಾ?

‘ಬಾಟ್ಲಿನೇ ಯಾಕೆ, ನಲ್ಲಿ ನೀರು ಕಾಯಿಸಿ ಕೊಡಿ’ ಅಂತ ಚಿಕ್ಕಮ್ಮ ಅಂದ್ರು. ಚಿಕ್ಕಮ್ಮ, ನಲ್ಲೀಲಿ ಬರೋದು ಬೋರ್ ನೀರು, ಪಾತ್ರೆ ಎಲ್ಲ ಬೆಳ್ಳಗೆ ಮಾಡುತ್ತೆ. 2024ರ ಬೇಸಿಗೇಲಿ ಬೋರೂ ಬತ್ತಿ ನಾವು ಕೊಡ ಹಿಡ್ಕೊಂಡು ಟ್ಯಾಂಕರ್ ಕಾದಿದ್ದು ಮರೆತ್ರಾ? ಆ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, ಬೆಂಗ್ಳೂರಿಗೆ ಸೇರಿದ 110 ಹಳ್ಳಿಗೆ ನೀರು ಅಂದ್ರು. ಒಳ್ಳೇದಾಯ್ತು. ನಮ್ಮ ಬೀದಿಗೆ ಇನ್ನೂ ಕ್ಯಾನೇ ಗತಿ. ಸಮಾರಂಭ ಅಂದ್ರೆ ಬಾಟ್ಲಿನೇ ಗತಿ.

ಇನ್ನೊಂದು ಮಾತು, ‘ಗಂಡಸರು ಹೊರಲಿ’. ಹೊರಲಿ, ಯಾರು ಬೇಡ ಅಂದ್ರು! ಆದ್ರೆ ಮಧ್ಯಾಹ್ನ ಮೂರು ಗಂಟೆಗೆ ಮನೇಲಿ ಇರೋರು ಅತ್ತೆ, ಬಸುರಿ ಸೊಸೆ, ಕೆಲಸಕ್ಕೆ ಬರೋ ಹುಡುಗಿ. ಕಟ್ಟು ಮಾಡೋರು ಮೊದಲು ಅವರ ಕೈ ನೆನೆಸ್ಕೋಬೇಕು.

ಕಂಪನಿಯೋರು ಕೇಳೋವರೆಗೂ ಸುಮ್ಮನಿರಕ್ಕೆ ಆಗುತ್ತಾ? ಅಕ್ಕನೇ ಒಂದು ಚೀಲ ಯೋಚನೆ ಮಾಡಿದ್ರು. ಕೈಗೆ ಪಟ್ಟಿ ಕಟ್ಕೊಂಡು ಹೇಳಿದ್ರು, ನಾನು ಕತ್ತರಿಸಿ ಹೊಲಿದೆ. ಹಳೇ ಜೀನ್ಸ್ ಬಟ್ಟೆ. ಒಂದು ಲೀಟರ್ ಬಾಟ್ಲಿ ಅಡ್ಡಗಲ ಹತ್ತತ್ರ ಮೂರೂಕಾಲು ಇಂಚು. ಅದ್ಕೆ ತಳ ಹತ್ತೂವರೆಗೆ ಏಳು ಇಂಚು, ಎತ್ತರ ಎಂಟು. ಒಳಗೆ ಉದ್ದಕ್ಕೆ ಒಂದು, ಅಡ್ಡಕ್ಕೆ ಎರಡು ಪರದೆ, ಆರು ಗೂಡಾಯ್ತು. ಎರಡೇ ಬಾಟ್ಲಿ ಉಳಿದ್ರೂ ಮಗುಚಲ್ಲ. ಹಿಡಿಕೆ ಪಟ್ಟಿ ಎರಡು ಇಂಚು ಅಗಲ, ಎರಡು ಮಡಿಕೆ. ಅದನ್ನ ಬಾಯಂಚಿಗೆ ಮಾತ್ರ ಹೊಲೀಬೇಡಿ. ಒಂದೇ ಉದ್ದ ಪಟ್ಟಿ ಮುಂದಿನ ಮೈಯಿಂದ ತಳದ ಕೆಳಗೆ ಹಾಯ್ದು ಹಿಂದಿನ ಮೈಗೆ ಬಂದು ಸುತ್ತು ಮುಗೀಲಿ. ಬಾಯಂಚಿನ ಹತ್ರ ಒಂದು ಚೌಕ, ಅದರೊಳಗೆ ಗುಣಾಕಾರದ ಹೊಲಿಗೆ. ಆಗ ತೂಕ ಹೊಲಿಗೆ ಮೇಲಲ್ಲ, ತಳದ ಪಟ್ಟಿ ಮೇಲೆ ಬೀಳುತ್ತೆ. ಹಿಡಿಕೆ ಬಾಟ್ಲಿ ಮುಚ್ಚಳಕ್ಕಿಂತ ನಾಕು ಬೆರಳು ಮೇಲಿರ್ಲಿ.

ನಿನ್ನೆ ಆರು ಬಾಟ್ಲಿ ತುಂಬಿ ನಮ್ಮತ್ತೆ ಕೈಗೇ ಕೊಟ್ಟು ನೋಡಿದೆ. ಕಂಬಿ ಹಿಡ್ಕೊಂಡು ಒಂದು ಮಹಡಿ ಹತ್ತಿ ತಿರುಗಿ ನೋಡಿ, ‘ಇದ್ರಲ್ಲಿ ಮಜ್ಜಿಗೆ ಬಾಟ್ಲಿನೂ ಹಿಡಿಯುತ್ತಾ?’ ಅಂದ್ರು. ಹಿಡಿಯುತ್ತೆ.

ಅಂಗಡಿಯವ್ನಿಗೂ ತೋರಿಸಿದೀನಿ. ಇನ್ಮೇಲೆ ಕೇಸ್ ತರೋವಾಗ ಬಿಚ್ಚಿ ಆರಾರು ಮಾಡಿ ಕೊಡು ಅಂದೆ, ಹೂಂ ಅಂದವ್ನೆ. ನೀವೂ ನಿಮ್ಮ ಅಂಗಡೀಲಿ ಕೇಳಿ. ಒಬ್ರು ಕೇಳಿದ್ರೆ ನಗ್ತಾರೆ, ಬೀದಿಯೋರೆಲ್ಲ ಕೇಳಿದ್ರೆ ಸ್ಟ್ಯಾಂಡ್ ತರಿಸ್ತಾರೆ. ಚೀಲ ಬೇಕಾದೋರು ಹಳೇ ಜೀನ್ಸ್ ತಗೊಂಡು ಭಾನುವಾರ ಬನ್ನಿ. ಅಕ್ಕ ಅಳತೆ ಹೇಳ್ತಾರೆ, ಮಿಷನ್ ನಾನು ತುಳೀತೀನಿ.