ಇತ್ತ ಎಲ್ಲರೂ ಕ್ಷೇಮ

ಮನೆಯಿಂದ ಬರುವ ಕಾಗದದ ಮೊದಲನೆಯ ಸಾಲನ್ನು ಯಾರೂ ಗಮನವಿಟ್ಟು ಓದುವುದಿಲ್ಲ. ‘ಇತ್ತ ಎಲ್ಲರೂ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಬರೆಯುವುದು.’ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಾಯಿ, ತನ್ನ ತಂದೆಯ ಕಾಗದಗಳನ್ನು ನೋಡಿ ಕಲಿತ ಈ ಸಾಲನ್ನು ಇಂದಿಗೂ ಒಂದಕ್ಷರ ತಪ್ಪದೆ ಬರೆಯುತ್ತಾಳೆ. ಮನೆಯಲ್ಲಿ ಫೋನಿಲ್ಲವೇ ಎಂದು ಹಾಸ್ಟೆಲಿನ ಮಿತ್ರರು ನಗುವುದುಂಟು. ಇದೆ; ಇರುವುದೊಂದೇ, ಅದೂ ತಂದೆಯ ಜೇಬಿನಲ್ಲಿ. ತಂದೆಯ ವಿಷಯವನ್ನೇ ಹೇಳಬೇಕಾದಾಗ ತಾಯಿಗೆ ಇನ್‌ಲ್ಯಾಂಡ್ ಕಾಗದವೇ ಗತಿ.

ಕಳೆದ ಆಷಾಢದಲ್ಲಿ ಬಂದ ಕಾಗದದಲ್ಲಿಯೂ ಎಲ್ಲರೂ ಕ್ಷೇಮವಾಗಿಯೇ ಇದ್ದರು. ಮಳೆ ಬಂದಿತ್ತು, ಶೇಂಗಾ ಬಿತ್ತಿದ್ದರು, ಕೆಂದಿ ಹಸು ಗಬ್ಬವಾಗಿತ್ತು, ಸೋದರತ್ತೆಯ ಮಗಳಿಗೆ ಗಂಡು ಗೊತ್ತಾಗಿತ್ತು. ಜಾಗ ಮುಗಿದ ಮೇಲೆ, ಅಂಟು ಹಚ್ಚುವ ಅಂಚಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಹೀಗಿತ್ತು: ‘ನಿಮ್ಮಪ್ಪಗೆ ದೊಡ್ಡ ಕೆಮ್ಮು ಅಂದ್ರು. ಎರಡು ತಿಂಗಳು ಗುಳಿಗೆ ತಗೊಂಡ್ರು, ಕೆಮ್ಮು ನಿಂತೈತೆ, ಬಿಟ್ಟವ್ರೆ. ನೀನು ಯೋಚ್ನೆ ಮಾಡ್ಬೇಡ, ಪರೀಕ್ಷೆ ಚೆನ್ನಾಗಿ ಬರಿ.’

ನಮ್ಮ ಕಡೆ ದೊಡ್ಡ ಕೆಮ್ಮೆಂದರೆ ಕ್ಷಯ. ಆ ಹೆಸರನ್ನು ತಾಯಿ ಬರೆಯಲಿಲ್ಲ, ಅಷ್ಟೆ. ಶನಿವಾರದ ಬಸ್ಸಿಗೆ ಊರಿಗೆ ಹೋದೆ. ಆಸ್ಪತ್ರೆಯ ಚೀಟಿ ಗೂಡಿನಲ್ಲಿ ಮಡಿಸಿಟ್ಟಂತೆಯೇ ಇತ್ತು. ಆರು ತಿಂಗಳು ತಪ್ಪದೆ ಔಷಧಿ ತೆಗೆದುಕೊಳ್ಳಬೇಕೆಂದು ಅದರಲ್ಲಿ ಬರೆದಿತ್ತು. ಅದನ್ನು ಓದಬಲ್ಲವನು ಆ ಮನೆಯಲ್ಲಿ ನಾನೊಬ್ಬನೇ. ಸುದ್ದಿ ಕೊನೆಗೆ ತಲುಪಿದ್ದೂ ನನಗೇ.

ಹಿರಿಯರು ಕ್ಷಮಿಸಬೇಕು. ಓದುವ ಮಗನಿಗೆ ಮನೆಯ ಕಾಯಿಲೆಯನ್ನು ತಿಳಿಸಬಾರದೆಂಬ ಪದ್ಧತಿಯು ಪ್ರೀತಿಯಿಂದ ಹುಟ್ಟಿದ್ದೇನೋ ನಿಜ. ಆದರೂ ಅದು ಕೆಟ್ಟ ಪದ್ಧತಿಯೆಂದೇ ನನ್ನ ಅಭಿಪ್ರಾಯ. ನಮ್ಮಂತಹ ಮನೆಗಳಲ್ಲಿ ಹೊಲ ಅಡವಿಟ್ಟು ಒಬ್ಬನನ್ನು ಓದಿಸುತ್ತಾರೆ. ಆ ಓದು ಮನೆಗೆ ಬೇಕಾದ ದಿನವೇ ಅವನನ್ನು ಅತಿಥಿಯಂತೆ ಹೊರಗೆ ಕೂರಿಸಿದರೆ, ಅಡವಿಟ್ಟದ್ದು ಯಾವ ಫಲಕ್ಕೆ?

ಕ್ಷಯದ ವಿಷಯದಲ್ಲಿ ಈ ಮೌನವು ಇನ್ನೂ ಅಪಾಯಕರ. ಇದು ಪಾಪದ ಫಲವಲ್ಲ, ಕ್ರಿಮಿಯಿಂದ ಬರುವ ರೋಗವೆಂಬುದನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿಯೇ ತೋರಿಸಿಕೊಟ್ಟನು. ಕೆಮ್ಮು ಬೇಗನೆ ನಿಲ್ಲಬಹುದು, ಆದರೆ ಕ್ರಿಮಿಗಳೆಲ್ಲ ಸತ್ತಿರುವುದಿಲ್ಲ. ನಡುವೆ ಔಷಧಿ ಬಿಟ್ಟರೆ ಉಳಿದವು ಆ ಔಷಧಿಗೇ ಬಗ್ಗದಂತಾಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆಗೆ ದುಡ್ಡಿಲ್ಲ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1000 ಆಯಿತು. ಊರಿಗೆಲ್ಲ ತಿಳಿದೀತೆಂಬ ನಾಚಿಕೆಯಿಂದ ತಂದೆ ಬ್ಯಾಂಕಿನ ಪುಸ್ತಕವನ್ನೇ ತೋರಿಸಿರಲಿಲ್ಲ! ಒಂದೇ ಕೋಣೆಯಲ್ಲಿ ಮಲಗುವ ತಾಯಿಯನ್ನೂ ತಂಗಿಯನ್ನೂ ಪರೀಕ್ಷಿಸಬೇಕೆಂಬುದು ಯಾರ ಮನಸ್ಸಿಗೂ ಬಂದಿರಲಿಲ್ಲ. ಅವರಿಬ್ಬರಿಗೆ ಏನೂ ಇರಲಿಲ್ಲ. ತಂದೆಯ ಕಫವನ್ನು ಮತ್ತೆ ಪರೀಕ್ಷಿಸಿ ಔಷಧಿಯನ್ನು ಮೊದಲಿನಿಂದ ಆರಂಭಿಸಿದರು.

ತಾಯಿಯ ಮೇಲೆ ಸಿಟ್ಟು ಮಾಡಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ‘ನೀನು ಮಾತ್ರ ಎಲ್ಲಾ ಬರೀತೀಯೇನೋ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಎರಡನೆಯ ವರ್ಷದಲ್ಲಿ ಕಾಮಾಲೆಯಾಗಿ ಹದಿನೈದು ದಿನ ಹಾಸ್ಟೆಲಿನಲ್ಲಿ ಮಲಗಿದ್ದಾಗ ನಾನೂ ‘ಕ್ಷೇಮ’ವೆಂದೇ ಬರೆದಿದ್ದೆ. ಆಕೆಗೆ ಅದು ಹೇಗೆ ತಿಳಿಯಿತೋ, ಇಂದಿಗೂ ಹೇಳಿಲ್ಲ.

ಮೊನ್ನೆ ಬರೆದ ಕಾಗದದಲ್ಲಿ ಆ ಮೊದಲನೆಯ ಸಾಲನ್ನು ಬಿಟ್ಟಿದ್ದೇನೆ. ‘ಅವ್ವಾ, ಅಪ್ಪನ ಗುಳಿಗೆ ಇನ್ನೆಷ್ಟು ಉಳಿದಿವೆ, ಎಣಿಸಿ ಬರಿ’ ಎಂದು ಆರಂಭಿಸಿ, ಆಮೇಲೆ ಕಾಮಾಲೆಯ ವಿಷಯವನ್ನು ಬರೆದೆ. ಅಂಚಿನವರೆಗೂ ಜಾಗ ತುಂಬಿತು.