ಅಣ್ಣನಿಗೆ ಸಂದದ್ದು, ಗೆಳೆಯನಿಗೆ ಸಲ್ಲದ್ದು

ಅಮೆರಿಕದ ದೂರದರ್ಶನ ಧಾರಾವಾಹಿ ‘ಸೂಪರ್‌ನ್ಯಾಚುರಲ್’ 2005ರಲ್ಲಿ ಆರಂಭವಾಗಿ, 327 ಕಂತುಗಳ ಬಳಿಕ 2020ರ ನವೆಂಬರ್‌ನಲ್ಲಿ ಮುಗಿಯಿತು. ಡೀನ್ ಮತ್ತು ಸ್ಯಾಮ್ ಎಂಬ ಅಣ್ಣತಮ್ಮಂದಿರು ಹಳೆಯ ಕಾರೊಂದರಲ್ಲಿ ಊರೂರು ಅಲೆದು ದೆವ್ವಪಿಶಾಚಿಗಳನ್ನು ಬೇಟೆಯಾಡುವ ಕಥೆಯಿದು. ಭಯಾನಕದ ಮಗ್ಗುಲಲ್ಲೇ ಹಾಸ್ಯವನ್ನು ನಿಲ್ಲಿಸುವುದು ಇದರ ಜಾಯಮಾನ. ಕೊನೆಯ ಕಂತಿನಲ್ಲಿಯೂ ತಿನಿಸಿನ ಜಾತ್ರೆಯೊಂದರಲ್ಲಿ ತಮ್ಮನು ಅಣ್ಣನ ಮುಖಕ್ಕೆ ‘ಪೈ’ ಮೆತ್ತಿ ನಗುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಅಣ್ಣನು ಸಾಯುತ್ತಾನೆ. ದೇವರನ್ನೇ ಸೋಲಿಸಿದ ವೀರನಿಗೆ ಮೃತ್ಯುವಾದದ್ದು ಕಣಜದ ಮನೆಯ ಕಂಬದಿಂದ ಚಾಚಿದ್ದ ಒಂದು ಕಬ್ಬಿಣದ ಸರಳು.

ಈ ಸಾವು ವೀರನಿಗೆ ತಕ್ಕುದಲ್ಲವೆಂಬ ಆಕ್ಷೇಪ ನಿಲ್ಲುವಂಥದ್ದಲ್ಲ. ಎರಡನೆಯ ಆವೃತ್ತಿಯಲ್ಲಿ ಸತ್ತ ತಮ್ಮನನ್ನು ಮರಳಿ ಪಡೆಯಲು ಡೀನ್ ತನ್ನ ಆತ್ಮವನ್ನೇ ಮಾರಿದ್ದನು. ಅಂದಿನಿಂದ ಒಬ್ಬರನ್ನೊಬ್ಬರು ಸಾವಿನಿಂದ ಸೆಳೆದು ತರುವುದೇ ಇವರ ಪ್ರೀತಿಯಾಗಿತ್ತು. ಅದರ ಬೆಲೆಯನ್ನು ಲೋಕವೆಲ್ಲ ತೆತ್ತಿತ್ತು. ಈಗ ಡೀನ್ ತನ್ನನ್ನು ಮರಳಿ ತರಬೇಡವೆಂದು ಬೇಡುತ್ತಾನೆ, ಸ್ಯಾಮ್ ಅಳುತ್ತಲೇ ಒಪ್ಪುತ್ತಾನೆ. ಭ್ರಾತೃಪ್ರೇಮವು ಮೋಹವನ್ನು ದಾಟಿ ಪಕ್ವವಾಗುವುದು ಇಲ್ಲಿಯೇ.

ಆದರೆ ಗೆಳೆತನದ ವಿಷಯದಲ್ಲಿ ಈ ಮುಕ್ತಾಯ ಜಿಪುಣತನ ತೋರಿದೆ. ಡೀನನನ್ನು ನರಕದಿಂದ ಎತ್ತಿ ತಂದವನು ಕ್ಯಾಸ್ಟಿಯೆಲ್ ಎಂಬ ದೇವದೂತ. ಎರಡು ಕಂತುಗಳ ಹಿಂದಷ್ಟೇ ತನ್ನ ಪ್ರೀತಿಯನ್ನು ಹೇಳಿಕೊಂಡು, ಅವನಿಗಾಗಿ ತನ್ನನ್ನೇ ತೆತ್ತವನು. ಕೊನೆಯ ಕಂತಿನಲ್ಲಿ ಅವನಿಗೆ ದೊರೆಯುವುದು ಜಾತ್ರೆಯಲ್ಲೊಂದು ನೆನಪು, ಸ್ವರ್ಗದಲ್ಲೊಂದು ಉಲ್ಲೇಖ, ಅಷ್ಟೆ. ಕೋವಿಡ್‌ನಿಂದ ಚಿತ್ರೀಕರಣ ತಿಂಗಳುಗಟ್ಟಲೆ ನಿಂತಿತ್ತೆಂಬುದು ನಿಜ. ಆದರೆ ಅಗಲಿದವನಿಗಾಗಿ ಮರುಗಲು ಅವನೇ ಎದುರಿಗಿರಬೇಕಿಲ್ಲ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಪಂಪನ ಕರ್ಣ ನೆನಪಾಗದಿರನು. ಪಾಂಡವರು ತನ್ನ ಒಡಹುಟ್ಟಿದವರೆಂದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಅರ್ಜುನನನ್ನೇ ನಾಯಕನನ್ನಾಗಿಸಿಕೊಂಡ ಕವಿ ಕರ್ಣನ ಆ ನಿಷ್ಠೆಯನ್ನು ಮನಸಾರೆ ಕೊಂಡಾಡಿದನು. ರಕ್ತಸಂಬಂಧವನ್ನು ಹಿರಿದಾಗಿಸಲು ಸ್ನೇಹವನ್ನು ಕಿರಿದಾಗಿಸಬೇಕೆಂದು ಅವನಿಗೆ ತೋರಲಿಲ್ಲ.

ಡೀನ್ ಸ್ವರ್ಗದಲ್ಲಿ ಕಾರು ಓಡಿಸುತ್ತ ತಮ್ಮನಿಗಾಗಿ ಕಾಯುತ್ತಾನೆ. ಸ್ಯಾಮ್ ಮುಪ್ಪಿನವರೆಗೆ ಬಾಳಿ ಬಂದು ಸೇರುತ್ತಾನೆ. ಆ ಸ್ವರ್ಗವನ್ನು ಕಟ್ಟಲು ನೆರವಾದವನೂ ಕ್ಯಾಸ್ಟಿಯೆಲ್ಲನೇ. ಅವನೆಲ್ಲಿ ಎಂದು ಅಣ್ಣತಮ್ಮಂದಿರಲ್ಲಿ ಒಬ್ಬನಾದರೂ ಕೇಳಬೇಕಿತ್ತು.