ಅದನ್ನೂ ಲವ್ ಅಂತಲೇ ಅನ್ನೋಣ

ನಾಲ್ಕೇ ನಿಮಿಷದ ಸಿನಿಮಾ, ಒಂದೂ ಡೈಲಾಗ್ ಇಲ್ಲ. ಹೆಸರು ‘ಇನ್ ಎ ಹಾರ್ಟ್‌ಬೀಟ್’. ಅಮೆರಿಕದ ರಿಂಗ್ಲಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಎಸ್ಟೆಬಾನ್ ಬ್ರಾವೊ ಮತ್ತು ಬೆತ್ ಡೇವಿಡ್ ಕೊನೇ ವರ್ಷದ ಪ್ರಾಜೆಕ್ಟ್ ಆಗಿ ಮಾಡಿದ ಅನಿಮೇಷನ್ ಇದು. 2017ರ ಜುಲೈ ಕೊನೆಗೆ ಯೂಟ್ಯೂಬಿಗೆ ಬಂತು. ಕೆಲವೇ ದಿನದಲ್ಲಿ ನೋಡಿದವರ ಸಂಖ್ಯೆ ಕೋಟಿ ದಾಟಿತು. ಪ್ರಾಜೆಕ್ಟ್ ಅಂದ್ರೆ ರಿಪೋರ್ಟಿಗೆ ಬೈಂಡಿಂಗ್ ಮಾಡಿಸೋದು ಅಂದುಕೊಂಡಿರೋ ನಮ್ಮಂಥವರಿಗೆ ಇದೇ ಒಂದು ಪಾಠ.

ಕಥೆ ಇಷ್ಟೇ. ಶರ್ವಿನ್ ಅನ್ನೋ ಹುಡುಗನಿಗೆ ಅದೇ ಶಾಲೆಯ ಜೊನಾಥನ್ ಅಂದ್ರೆ ಇಷ್ಟ. ಹೇಳೋಕೆ ಧೈರ್ಯ ಇಲ್ಲ. ಮರದಲ್ಲಿ ಅಡಗಿ ಕೂತು ನೋಡ್ತಾನೆ. ಆದ್ರೆ ಅವನ ಹೃದಯ ಕೇಳಬೇಕಲ್ಲ? ಅದು ಎದೆಯಿಂದ ಹೊರಗೆ ಜಿಗಿದು ಜೊನಾಥನ್ ಹಿಂದೆ ಓಡುತ್ತೆ. ಶಾಲೆಯ ಒಳಗೆ ಎಲ್ಲರೂ ದಿಟ್ಟಿಸಿ ನೋಡುವಾಗ ಶರ್ವಿನ್ ಅದನ್ನ ಎಳೆದುಕೊಳ್ಳಲು ಹೋಗಿ, ಹೃದಯ ಎರಡು ತುಂಡಾಗುತ್ತೆ. ಅರ್ಧ ತುಂಡು ಹಿಡಿದು ಅವನು ಓಡಿಹೋಗ್ತಾನೆ. ಉಳಿದರ್ಧವನ್ನ ಜೊನಾಥನ್ ತಂದು ಕೊಡ್ತಾನೆ.

ಈ ಚಿತ್ರವನ್ನ ನಮ್ಮ ಕನ್ನಡ ಬಳಗದಲ್ಲಿ ತೋರಿಸಬೇಕು, ತೋರಿಸಿದ ಮೇಲೆ ಅದರ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು ಅನ್ನೋದು ನನ್ನ ಅಭಿಪ್ರಾಯ. ತೋರಿಸೋದು ಸುಲಭ. ಮಾತಾಡೋದೇ ಕಷ್ಟ.

ಯಾಕೆ ಅಂದ್ರೆ, ನಮ್ಮ ಹಾವೇರಿ ಜಿಲ್ಲೆಯನ್ನೇ ತಗೊಳ್ಳಿ. ಹಾನಗಲ್, ಶಿಗ್ಗಾಂವಿ, ಸವಣೂರು ಯಾವ ಬಸ್ ಸ್ಟ್ಯಾಂಡಿಗೆ ಹೋದರೂ ಹುಡುಗರು ಹೆಗಲ ಮೇಲೆ ಕೈ ಹಾಕ್ಕೊಂಡೇ ನಿಂತಿರ್ತಾರೆ. ಯಾರೂ ತಿರುಗಿ ನೋಡಲ್ಲ. ಇಬ್ಬರಿಗೂ ಒಂದೇ ಸೈಕಲ್, ಒಂದೇ ಪ್ಲೇಟ್ ಗಿರ್ಮಿಟ್, ಜಾತ್ರೆಗೆ ಹೋದರೆ ಒಂದೇ ಹಾಸಿಗೆ. ಹಿರೇಕೆರೂರಿನ ದುರ್ಗಾದೇವಿ ಕೆರೆ ಏರಿ ಮೇಲೆ ಇಬ್ಬರು ಹುಡುಗರು ಕತ್ತಲಾಗೋತನಕ ಕೂತರೂ ‘ಗೆಳ್ಯಾರು, ಕುಂತಾರ ಬಿಡು’ ಅಂತಾರೆ. ಅದೇ ಜಾಗದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತಿದ್ರೆ ಅರ್ಧ ತಾಸಿನಲ್ಲಿ ಮನೆಗೆ ಫೋನ್ ಹೋಗಿರ್ತದೆ.

ಅಂದ್ರೆ ‘ಎಲ್ಲರೂ ನೋಡ್ತಾರೆ’ ಅನ್ನೋ ಶರ್ವಿನ್‌ನ ಭಯ ನಮ್ಮ ಕಡೆ ಹುಡುಗನಿಗೆ ಅಷ್ಟಾಗಿ ಇಲ್ಲ. ಅವನ ಕಷ್ಟ ಬೇರೆ. ಎಲ್ಲರ ಕಣ್ಣೆದುರಿಗೇ ಇದ್ದರೂ ಅವನ ಪ್ರೀತಿ ಯಾರಿಗೂ ಕಾಣಲ್ಲ. ಅವನಿಗೇ ಸರಿಯಾಗಿ ತಿಳಿಯಲ್ಲ. ಗೆಳೆಯ ಬೇರೆ ಬೆಂಚಿಗೆ ಹೋದರೆ ಯಾಕಿಷ್ಟು ಸಂಕಟ? ಅವನು ಯಾವುದೋ ಹುಡುಗಿ ಹೆಸರು ಹೇಳಿದ ದಿನ ಯಾಕೆ ನಿದ್ದೆ ಬರಲ್ಲ? ಇದಕ್ಕೂ ಒಂದು ಹೆಸರಿದೆ ಅಂತ ಅವನಿಗೆ ಯಾರೂ ಹೇಳಿರಲ್ಲ.

ಅವನ ಕಿವಿಗೆ ಬಿದ್ದಿರೋ ಹೆಸರುಗಳೆಲ್ಲ ಬೈಗುಳ. ಕ್ರಿಕೆಟ್ ಆಡುವಾಗ ಕ್ಯಾಚ್ ಬಿಟ್ಟವನಿಗೆ, ಮೆಲ್ಲಗೆ ಮಾತಾಡೋನಿಗೆ, ಅಳೋನಿಗೆ ನಾವು ಎಸೆಯೋ ಪದಗಳು. ಇಲ್ಲಿ ಬರೆಯಲ್ಲ, ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಗೊತ್ತಿರೋದೇ. ಪೇಪರಿನಲ್ಲಿ ಬರೋ ಮರ್ಯಾದೆಯ ಪದ ‘ಸಲಿಂಗಕಾಮ’. ಅದರಲ್ಲೂ ಕಾಮ! ಹದಿನಾಲ್ಕು ವರ್ಷದ ಹುಡುಗನಿಗೆ ಕ್ಲಾಸ್‌ಮೇಟ್ ನಕ್ಕರೆ ಎದೆ ಧಗ್ ಅಂದಿದೆ, ಅಷ್ಟೇ. ಅದಕ್ಕೆ ಕಾಮ ಅಂತ ಯಾಕೆ ಹೆಸರಿಡಬೇಕು? ಹುಡುಗ-ಹುಡುಗಿ ವಿಷಯಕ್ಕೆ ನಾವು ಲವ್ ಅಂತೀವಿ, ಪ್ರೀತಿ ಅಂತೀವಿ, ‘ಕಾಳ್ ಹಾಕ್ಲಿಕತ್ತಾನ’ ಅಂತ ತಮಾಷೆನೂ ಮಾಡ್ತೀವಿ. ಇವನಿಗೆ ಮಾತ್ರ ಕಾನೂನು ಪುಸ್ತಕದ ಪದ.

ನನ್ನದು ಇಂಗ್ಲಿಷ್ ಮೀಡಿಯಂ. ಇಂಗ್ಲಿಷಿನಲ್ಲಿ ‘ಗೇ’ ಅಂತ ಹೇಳಿಬಿಡೋದು ನಮಗೆ ಸುಲಭ. ಆದ್ರೆ ಆ ಪದದ ಜೊತೆ ‘ಇದು ಸಿಟಿಯವರದ್ದು, ಫಾರಿನ್‌ನವರದ್ದು’ ಅನ್ನೋ ಮಾತೂ ಬರುತ್ತೆ. ಇದಕ್ಕೊಂದು ಉತ್ತರ ಇದೆ. ಇಂಥ ಸಂಬಂಧ ಅಪರಾಧ ಅಂತ ಹೇಳಿದ 377ನೇ ಕಲಂ ಬ್ರಿಟಿಷರು 1860ರಲ್ಲಿ ಮಾಡಿದ ಐಪಿಸಿಯದ್ದು. ಒಪ್ಪಿಗೆಯಿರೋ ವಯಸ್ಕರಿಗೆ ಅದು ಅನ್ವಯಿಸಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಹೇಳಿದ್ದು ನಮ್ಮದೇ ಸುಪ್ರೀಂ ಕೋರ್ಟ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಕಾಯಿಲೆಗಳ ಪಟ್ಟಿಯಿಂದ 1990ರಲ್ಲೇ ತೆಗೆದಿದೆ. ಫಾರಿನ್‌ನಿಂದ ಬಂದದ್ದು ಶಿಕ್ಷೆ. ಪ್ರೀತಿ ಇಲ್ಲೇ ಇತ್ತು.

ಇನ್ನೊಂದು ಗೊಂದಲ. ‘ನಾನು ಅವನಲ್ಲ... ಅವಳು’ ನೋಡಿದವರು ಎರಡನ್ನೂ ಒಂದೇ ಅಂದ್ಕೊಳ್ತಾರೆ. ಆ ಪಾತ್ರಕ್ಕೆ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಒಳ್ಳೆ ಸಿನಿಮಾ. ಆದ್ರೆ ಅದು ತಾನು ಹೆಣ್ಣು ಅಂತ ಅರಿತುಕೊಂಡ ಜೀವದ ಕಥೆ. ಶರ್ವಿನ್ ಹುಡುಗನೇ, ಅದರಲ್ಲಿ ಅವನಿಗೆ ಅನುಮಾನ ಇಲ್ಲ. ಅವನಿಗೆ ಹುಡುಗ ಇಷ್ಟ, ಅಷ್ಟೇ ವ್ಯತ್ಯಾಸ.

‘ಈ ವಯಸ್ಸಿಗೆ ಇದೆಲ್ಲ ಯಾಕೆ?’ ಅಂತಾನೂ ಕೇಳ್ತಾರೆ. ಶಾಲೆ ಹುಡುಗಿಯ ಲವ್ ಸ್ಟೋರಿ ‘ಚೆಲುವಿನ ಚಿತ್ತಾರ’ವನ್ನ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ನೋಡಿದ್ದೀವಿ. ಈ ಚಿತ್ರದಲ್ಲಿ ಒಂದು ಮುತ್ತೂ ಇಲ್ಲ. ಕೊನೆಗೆ ಇಬ್ಬರು ಪಕ್ಕಪಕ್ಕ ಕೂತ್ಕೊಳ್ತಾರೆ.

ಸುಮ್ಮನಿದ್ದರೆ ಏನಾಗುತ್ತೆ? ನಾವು ಡಿಗ್ರಿ ಮುಗಿಸ್ತೀವಿ, ಕೆಲಸ ಸಿಗುತ್ತೆ, ಇಪ್ಪತ್ತೇಳಕ್ಕೆ ಮನೆಯವರು ಕನ್ಯಾ ನೋಡೋಕೆ ಹೊರಡ್ತಾರೆ. ಹದಿನಾಲ್ಕಕ್ಕೆ ಬಾಯಿ ಬಿಡದವನು ಆಗ ಬಿಡ್ತಾನಾ? ‘ಹೂಂ’ ಅಂತಾನೆ. ಮುಂದೆ ಅವನ ಜೊತೆ ಒಬ್ಬ ಹುಡುಗಿಯ ಬಾಳೂ ಹೋಗುತ್ತೆ. ‘ನನ್ನಲ್ಲೇನು ಕಮ್ಮಿ?’ ಅಂತ ಅವಳು ವರ್ಷಗಟ್ಟಲೆ ಕನ್ನಡಿ ಕೇಳ್ತಾಳೆ. ಆ ಹುಡುಗಿ ನಮ್ಮ ಅಕ್ಕನೋ ತಂಗಿಯೋ ಆಗಿರಬಹುದು. ಹಾಗಾಗಿ ಇದು ಯಾರೋ ನಾಲ್ಕು ಜನರ ವಿಷಯ ಅಂತ ಪಕ್ಕಕ್ಕಿಡೋ ಹಾಗಿಲ್ಲ.

ಕನ್ನಡಕ್ಕೆ ಇದು ಆಗದ ಕೆಲಸ ಏನಲ್ಲ. ನಮ್ಮ ಹಾಗೆ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಮಾಡಿದ ವಸುಧೇಂದ್ರ 2013ರಲ್ಲೇ ‘ಮೋಹನಸ್ವಾಮಿ’ ಕಥೆಗಳನ್ನ ತಂದರು. ಇನ್ನು ನೇರ ಮಾತಿಗೆ ಹೆಸರಾದ ಸರ್ವಜ್ಞ ನಮ್ಮ ಹಿರೇಕೆರೂರು ಸೀಮೆಯವನು. ಜನರ ಆಡುಮಾತಲ್ಲೇ ತತ್ವ ಹಾಡಿದ ಶಿಶುನಾಳ ಶರೀಫರು ಶಿಗ್ಗಾಂವಿ ತಾಲ್ಲೂಕಿನವರು. ಇಂಥ ನೆಲದ ಭಾಷೆಯಲ್ಲಿ ಒಂದು ಸಾದಾ ವಾಕ್ಯ ಹುಟ್ಟಲ್ವಾ? ‘ಅಂವಗ ಅವನ ಮ್ಯಾಲ ಲವ್ ಆಗೇತಿ.’ ನೋಡಿ, ವ್ಯಾಕರಣ ಎಲ್ಲೂ ಮುರಿದಿಲ್ಲ.

ಇದನ್ನ ಓದಿ ‘ಇವನಿಗ್ಯಾಕಪಾ ಇಷ್ಟು ಕಾಳಜಿ?’ ಅಂತ ಕೆಲವರು ನಗಬಹುದು. ಆ ನಗುವಿಗೆ ಹೆದರಿಯೇ ಎಷ್ಟೋ ಜನ ಈ ವಿಷಯಕ್ಕೆ ಬಾಯಿ ಹಾಕಲ್ಲ. ಹಾಗಾಗಿ ಮೊದಲು ನಿಲ್ಲಬೇಕಾದ್ದು ಅದೇ ನಗು.

ಬಳಗಕ್ಕೆ ನನ್ನ ಬೇಡಿಕೆ ಚಿಕ್ಕದು. ಒಂದು ಶನಿವಾರ ಸೆಮಿನಾರ್ ಹಾಲ್, ಪ್ರೊಜೆಕ್ಟರ್, ಒಂದು ತಾಸು. ಸಬ್‌ಟೈಟಲ್ ಬೇಕಿಲ್ಲ. ಚಿತ್ರ ಮುಗಿದ ಮೇಲೆ ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳಬೇಕಿಲ್ಲ, ಪಕ್ಕದವನನ್ನ ಕೇಳಲೂಬಾರದು. ಶರ್ವಿನ್ ಬಗ್ಗೆ ಮಾತಾಡಿದರೆ ಸಾಕು. ಗೋಡೆ ಮೇಲೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಬರೆದಿಡೋಣ, ಬೇಕಾದವರು ನೋಡಿಕೊಳ್ತಾರೆ. ಅವತ್ತು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಒಬ್ಬನಿಗೆ, ತನ್ನ ಎದೆಯೊಳಗಿನದ್ದನ್ನ ನಾಲ್ಕು ಜನ ಬೈಯದೆ, ನಗದೆ, ಕನ್ನಡದಲ್ಲೇ ಲವ್ ಅಂತ ಕರೆದದ್ದು ಕೇಳಿಸಿದರೆ ಆ ಒಂದು ತಾಸು ದಂಡ ಆಗಲ್ಲ.